ದೊಡ್ಡಮಾದಯ್ಯ ನಿಂತ ಸಾಲು

ದೊಡ್ಡಮಾದಯ್ಯನ ಹೆಣ ಹೆಮ್ಮರಗಾಲದ ನಾಲೆಯ ತೂಬಿಗೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಗದ್ದೆಗೆ ನೀರು ತಿರುಗಿಸಲು ಹೋದವರು ಕಂಡರು. ಎಸ್‌ಐ ಶ್ರೀಕಂಠ ಬರುವಷ್ಟರಲ್ಲಿ ಮಗ ನಟರಾಜ್ ಹೆಣದ ಕಾಲ ಬಳಿ ಕೂತಿದ್ದ.

"ಅಪ್ಪಂಗೆ ಎರಡ್ ಕಣ್ಣೂ ಮಂಜು ಸಾ. ಕಾಲ್ ಜಾರಿ ಬಿದ್ಬುಟ್ಟವ್ನೆ."

"ನೀನು ಕೊನೇ ಸಲ ನೋಡಿದ್ದು?"

"ನಿನ್ನೆ ಮೀಟಿಂಗಲ್ಲೇ. ಆಮೇಕೆ ನೋಡೇ ಇಲ್ಲ."

ಆ ಮೀಟಿಂಗ್ ಪಕ್ಷದ್ದು. ಎರಡು ಸಾವಿರನೇ ಇಸವಿಯ ಜಿಲ್ಲಾ ಪಂಚಾಯಿತಿ ಚುನಾವಣೆಗೆ ಟಿಕೆಟ್ ಯಾರಿಗೆ ಎಂಬುದನ್ನು ಸದಸ್ಯರೇ ತೀರ್ಮಾನಿಸಲಿ ಎಂದಿದ್ದರು ಮುಖಂಡರು. ಚೀಟಿಯಿಲ್ಲ, ಗುಟ್ಟಿಲ್ಲ. ಬಯಲಿನಲ್ಲಿ ನಟರಾಜ್ ಒಂದು ಕಡೆ, ಕೋಮಲ ಇನ್ನೊಂದು ಕಡೆ. ಬೇಕಾದವರ ಹಿಂದೆ ಸಾಲು ನಿಲ್ಲಬೇಕು. ನಿಂತ ಮೇಲೆ ಕದಲುವಂತಿಲ್ಲ. ಊರೊಳಗೆ ಹಗೆ ಬಿತ್ತಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕೇ? ದೊಡ್ಡಮಾದಯ್ಯ ಕೋಮಲಳ ಸಾಲಿನಲ್ಲಿ ನಿಂತ. ಮಗ ಒಂದೇ ತಲೆಯಿಂದ ಸೋತ.

*

ಶ್ರೀಕಂಠ ಮೊದಲು ಹಿಡಿದದ್ದು ಬಸವಯ್ಯನನ್ನು. ನಟರಾಜನ ಬಲಗೈ ಬಂಟ. ಎಲ್ಲರೆದುರು ಮುದುಕನನ್ನು "ಮನೆಹಾಳ" ಎಂದು ಉಗಿದವನು.

"ಬೈದಿದ್ದು ದಿಟ ಸಾ. ಆದ್ರೆ ಮೀಟಿಂಗ್ ಮುಗುದೇಟ್ಗೆ ಟಿ. ನರಸೀಪುರಕ್ಕೆ ಒಂಟೋದೆ, ತಂಗಿ ಮನೇಗೆ."

ತಂಗಿಯ ಬೀದಿಯವರೆಲ್ಲ ಹೌದೆಂದರು. ಕೋಮಲಳಿಗಂತೂ ತನ್ನನ್ನು ಗೆಲ್ಲಿಸಿದವನನ್ನು ಕೊಲ್ಲುವ ದರ್ದೇ ಇರಲಿಲ್ಲ. ಹೆಣ ನೋಡಿದ ಡಾಕ್ಟರು ಆಗಲೇ ಎರಡು ಮಾತು ಹೇಳಿದ್ದರು: ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಎದೆಯ ಮೇಲೆ ಯಾರೋ ಜೋರಾಗಿ ತಳ್ಳಿದ ಗುರುತಿತ್ತು.

ಕಣ್ಣಿನ ಮಾತು ಕೇಳಿ ದೊಡ್ಡಮಾದಯ್ಯನ ಹೆಂಡತಿ ಪಾಪಮ್ಮ ಬೆಚ್ಚಿದಳು. "ಕಣ್ ಕಾಣ್ತಿರ್ನಿಲ್ವಾ? ನಂಗೂ ಏಳ್ನಿಲ್ವಲ್ಲ ಸಾ, ಆ ಮನ್ಸ!"

*

ಶ್ರೀಕಂಠ ಜಗಲಿಯ ಮೇಲೆ ನಟರಾಜನ ಪಕ್ಕದಲ್ಲೇ ಕೂತ. ಪಾಪಮ್ಮ ಬಾಗಿಲಲ್ಲಿದ್ದಳು.

"ಅಪ್ಪನ ಕಣ್ಣಿನ ವಿಷಯ ನಿನಗೆ ಯಾವಾಗ ಗೊತ್ತಾಯ್ತು?"

"ಮೊದ್ಲಿಂದ್ಲೂ ಗೊತ್ತು ಸಾ."

"ಗೊತ್ತಿದ್ದಿದ್ರೆ ಮೀಟಿಂಗಲ್ಲಿ ಕೈಹಿಡಿದು ನಿನ್ನ ಸಾಲಿಗೆ ಕರ್ಕೊಂಡು ಬರ್ತಿದ್ದೆ. ಟಿಕೆಟ್ ನಿಂದೇ ಆಗ್ತಿತ್ತು. ಹೆಂಡ್ತಿಗೂ ಹೇಳದೆ ಮುಚ್ಚಿಟ್ಟಿದ್ದನ್ನ ಅವನು ನಿನಗೆ ಹೇಳಿದ್ದು ಮೀಟಿಂಗ್ ಆದ್ಮೇಲೆ. ನೀನು ನೋಡೇ ಇಲ್ಲ ಅಂತೀಯ. ಎಲ್ಲಿ ಸಿಕ್ಕಿದ್ದ?"

ನಟರಾಜ್ ಅಳತೊಡಗಿದ.

"ನಾಲೆ ಏರಿ ಮ್ಯಾಲೆ ಸಾ. 'ಕಣ್ ಕಾಣ್ನಿಲ್ಲ ಕಣ್ಲಾ, ನಿನ್ ಸಾಲೇ ಅಂತ ನಿಂತ್ಕಂಡೆ' ಅಂದ. ಸುಳ್ಳೇಳ್ತಾವ್ನೆ ಅಂತ ತಳ್ಬುಟ್ಟೆ. ನೀರಲ್ಲಿ ಬಿದ್ದು ಕೈ ಚಾಚ್ದ. ನಾನ್ ನಿಂತಿದ್ ಕಡೀಕಲ್ಲ ಸಾ, ಆಚೆ ದಡದ ಕಡೀಕೆ. ಆಗ ನಂಬ್ದೆ. ಬಾಯೇ ಬರ್ನಿಲ್ಲ. ಅಷ್ಟ್ರಲ್ಲಿ ನೀರು ಎಳ್ಕಂಡೋಯ್ತು."

ಶ್ರೀಕಂಠನಿಗೆ ಆ ಕ್ಷಣ ತನ್ನ ಕೆಲಸವೇ ಬೇಡವೆನಿಸಿತು. ಪಾಪಮ್ಮ ಬಂದು ಮಗನ ಎದುರು ಕುಸಿದು ಕೂತಳು.

"ಒಂದ್ಸಲ ಅಪ್ಪಾ ಅಂತ ಕೂಗ್ಬಾರ್ದಾಗಿತ್ತಾ ಮಗಾ? ನಿನ್ ದನಿ ಕೇಳಿದ್ರೆ ಇತ್ಲಾಗೇ ತಿರುಗ್ತಿದ್ನಲ್ಲೋ."