ಬುದ್ಧನ ಎಡಗೆನ್ನೆ

ಮ್ಯೂಸಿಯಮ್ಮಲ್ಲಿ ಕಸ ಗುಡಿಸಿ ಧೂಳು ಹೊಡೆಯೋಳು ನಾನು. ಅಲ್ಲಿರೋ ಕಲ್ಲಿನ ಬುದ್ಧನ ತಲೆಗೆ ಒಂದು ಲಕ್ಷ ವರ್ಷ ಅಂತ ಬಂದೋರಿಗೆಲ್ಲ ಬುರುಡೆ ಬಿಡ್ತಿದ್ದೆ. ಅದನ್ನ ರಿಪೇರಿ ಮಾಡೋಕೆ ಬಂದಿದ್ದ ಒಬ್ರು ಕೇಳಿಸ್ಕೊಂಡು ನಕ್ರು. ಕಲ್ಲಿನ ಡಾಕ್ಟ್ರು ಅಂತ ನಾನೇ ಅವರಿಗೆ ಹೆಸರಿಟ್ಟಿದ್ದೆ.

"ಎರಡು ಸಾವಿರಾನೂ ಆಗಿಲ್ಲಮ್ಮ."

"ಹಂಗಾದ್ರೆ ನಿಮ್ಮ ಓರಗೆಯೋರು ಅನ್ನಿ."

ಕನ್ನಡಕದ ಮೇಲಿಂದ ನೋಡಿದ್ರು. ಆ ನೋಟಕ್ಕೆ ನಾಚ್ಕೋಬೇಕಿತ್ತು. ನಂಗೇನೂ ಅನ್ನಿಸ್ಲಿಲ್ಲ. ಯಜಮಾನ್ರು ಹೋಗಿ ಮೂರು ವರ್ಷ, ಆವತ್ತಿಂದ ಒಳಗೆಲ್ಲ ಜೋಮು ಹಿಡಿದಂಗಿದೆ. ಹೆಣದ ಮುಂದೆ ಕೂತಾಗ್ಲೂ ಒಂದು ಹನಿ ಬರ್ಲಿಲ್ಲ. ನಾದಿನಿ ಎಲ್ಲರ ಎದುರೇ "ಕಲ್ಲು ಕಣೇ ನೀನು" ಅಂದ್ಳು.

ಡಾಕ್ಟ್ರು ಬ್ರಷ್ ಆಡಿಸ್ತಾ ದಿನಾ ನಂಗೆ ತೋರಿಸೋರು. ಬಸವನಹುಳ ಸಾಲಾಗಿ ಕೂತಂಗೆ ಗುಂಗುರು ಕೂದಲು. ನೆತ್ತಿ ಮೇಲೊಂದು ಗುಬುಟು. ಹೆಗಲಿದ್ದಿದ್ರೆ ಹೆಗಲಿಗೆ ಬಡಿಯೋ ಕಿವಿ. ಮೂಗಿನ ತುದಿ ಮುರಿದಿದ್ರೂ ತುಟಿ ಅಂಚಲ್ಲಿ ನಗು.

"ಈ ಕಣ್ಣು ಮುಚ್ತಿದೆಯೋ, ತೆರೀತಿದೆಯೋ?"

"ನಿಮ್ಮ ಪಾಠ ಕೇಳಿ ತೂಕಡಿಸ್ತಿದೆ."

ಶುಕ್ರವಾರ ಟಾರ್ಚ್ ಹಾಕಿದೋರು ಬ್ರಷ್ ಕೆಳಗಿಟ್ರು. "ಎಡಗೆನ್ನೆ ಮಾತ್ರ ಕಪ್ಪಗೆ ಮಿರಮಿರ ಅಂತಿದೆ. ಇದು ಕೈ ಜಿಡ್ಡು. ಯಾರೋ ದಿನಾ ಮುಟ್ತಿದಾರೆ."

ಬರೀ ಕೈಯಲ್ಲಿ ಮುಟ್ಟಿದ್ರೆ ಕೆಲಸದಿಂದ ಕಿತ್ತುಹಾಕ್ತಾರೆ.

"ನಾನೇ," ಅಂದೆ. "ಧೂಳು ಹೊಡೆದ ಮೇಲೆ ಒಂದು ಗಳಿಗೆ ಕೈ ಇಡ್ತೀನಿ. ಯಜಮಾನ್ರನ್ನ ಹಂಗೇ ಎಬ್ಬಿಸ್ತಿದ್ದೆ. ಅಭ್ಯಾಸ ಕೈಗೆ, ನಂಗಲ್ಲ. ರಿಪೋರ್ಟಲ್ಲಿ ಬರ್ಕೊಳ್ಳಿ."

ಬರ್ಕೊಂಡ್ರು. ಆಮೇಲೆ ಓದಿ ಹೇಳಿದ್ರು: "ಕೆನ್ನೆ ಮೇಲೆ ಕಲೆ ಇತ್ತು, ತೆಗೆಯಲಾಗಿದೆ. ಯಾರದು ಅಂತ ಕೇಳೋ ಕಾಲಂ ಇದರಲ್ಲಿಲ್ಲ."

ಬರೆದಂಗೇ ಹತ್ತಿ ಅದ್ದಿ ಅದ್ದಿ ಒರೆಸಿದ್ರು. ಮೂರು ವರ್ಷದ್ದು ಅರ್ಧ ಗಂಟೇಲಿ ಹೋಯ್ತು. ಬೇರೆ ಯಾರದೋ ಮನೆಗೆ ಸುಣ್ಣ ಹೊಡೀತಿದ್ದಂಗೆ ನಿಂತು ನೋಡಿದೆ.

"ಇನ್ಮೇಲೆ ಕೈ ಎಲ್ಲಿಡ್ತೀರಿ?"

"ಬಕೆಟ್ಟಲ್ಲಿ."

ಅವರು ನಗಲಿಲ್ಲ. "ನಾನೂ ಒಂಟಿ. ಸೋಮವಾರದಿಂದ ನಂಗಿಲ್ಲಿ ಕೆಲಸ ಇಲ್ಲ. ಆದ್ರೂ ನೀವು ಹೂಂ ಅಂದ್ರೆ ಬರ್ತೀನಿ." ಕನ್ನಡಕ ತೆಗೆದು ಮುಖ ಮುಂದಕ್ಕೆ ಚಾಚಿದ್ರು.

ಕೈ ಇಟ್ಟೆ. ಸಿಡಿಲು ಹೊಡೀತು, ಎದೆ ಢವಢವ ಅಂತು ಅಂತ ಹೇಳ್ಬೋದಿತ್ತು, ಬುರುಡೆ ಬಿಡೋದ್ರಲ್ಲಿ ನನ್ನ ಬಿಟ್ರಿಲ್ಲ. ಹಂಗೇನೂ ಆಗ್ಲಿಲ್ಲ. ಬೆಚ್ಚಗಿತ್ತು. ಚುಚ್ತು.

"ಸೋಮವಾರ ಗಡ್ಡ ಬೋಳಿಸ್ಕೊಂಡು ಬನ್ನಿ," ಅಂದೆ.