ನಾಲ್ಕನೆಯ ಕೀಲಿ

ಜುಲೈ 8ರ ಬೆಳಿಗ್ಗೆ ಮಹಿಳಾ ಆಸರೆ ಕೇಂದ್ರವೊಂದರ ಮುಖ್ಯಸ್ಥೆ ಖುರ್ಷೀದಬೇಗಂ ಸುರಪುರ ಠಾಣೆಗೆ ದೂರು ತಂದರು. ಹೆಂಡತಿ ಲಾಲಮ್ಮ ಅಡಗಿದ್ದಲ್ಲಿಗೇ ಹೋಗಿ ಆಕೆಯ ಕೈ ಮುರಿದ ಮರಿಲಿಂಗ ಹಿಂದಿನ ದಿನವೇ ಬಂಧಿತನಾಗಿದ್ದ. ಅವರ ಪ್ರಶ್ನೆ ಬೇರೆ ಇತ್ತು.

"ಲಾಲಮ್ಮನ್ನ ಕೆಂಭಾವಿಯಾಗ ಬಚ್ಚಿಟ್ಟಿದ್ವಿ ಮೇಡಂ. ಆ ವಿಳಾಸ ಆಕಿ ಹೇಳಿಕಿ ಫೈಲಿನಾಗ ಬಿಟ್ರ ಎಲ್ಲೂ ಇಲ್ಲ. ಅವನಿಗಿ ಯಾರು ಹೇಳಿದ್ರು?"

"ಫೈಲ್ ಯಾರ್ಯಾರು ತೆಗೀತೀರಿ?" ಇನ್‌ಸ್ಪೆಕ್ಟರ್ ರೇಣುಕಾದೇವಿ ಕೇಳಿದರು.

"ನಾನು, ವಕೀಲರು, ಡಾಕ್ಟ್ರು. ಬ್ಯಾರೆಯವರಿಗಿ ತೆಗ್ಯಾಕ ಬರಂಗಿಲ್ಲ."

"ಫೈಲಿಗೆ ಬೀಗ ಹಾಕೋ ಕಂಪ್ಯೂಟರ್ ಪ್ರೋಗ್ರಾಂ ಬರೆದವರು?"

"ಮೌನಮ್ಮ. ಮರಿಲಿಂಗನ ಅಕ್ಕ. ಅದಕ್ಕೇ ಆಕಿಗಿ ಚಾವಿ ಕೊಟ್ಟಿಲ್ರಿ."

"ಬೀಗ ಮಾಡಾಕಿಗಿ ಚಾವಿ ಕೊಟ್ಟಿಲ್ಲಂತ ಆರಾಮ ಇದ್ದೀರಿ!" ಎಂದ ಕಾನ್‌ಸ್ಟೆಬಲ್ ಭೀಮೇಶ.

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಸೈಬರ್ ತರಬೇತಿ ಪಡೆದಿದ್ದ ಭೀಮೇಶ ಕೇಂದ್ರದ ಕಂಪ್ಯೂಟರಿನ ಮುಂದೆ ಕುಳಿತ. ಪ್ರತಿ ಕಡತಕ್ಕೂ ಒಂದು ಗುಪ್ತ ಕೀಲಿ. ಕಡತ ಓದಬೇಕಾದ ಒಬ್ಬೊಬ್ಬರ ಸಾರ್ವಜನಿಕ ಕೀಲಿಯಿಂದಲೂ ಆ ಗುಪ್ತ ಕೀಲಿಯನ್ನು ಬೇರೆಬೇರೆಯಾಗಿ ಮುಚ್ಚಲಾಗಿತ್ತು. ಸಾರ್ವಜನಿಕ ಕೀಲಿ ಮುಚ್ಚುತ್ತದೆ ಅಷ್ಟೇ. ತೆರೆಯಲು ಅವರವರ ಖಾಸಗಿ ಕೀಲಿಯೇ ಬೇಕು.

"ಎಲ್ಲಾ ಫೈಲಿಗಿ ಮೂರು ಕೀಲಿ ಅದಾವ್ರಿ ಮೇಡಂ. ಲಾಲಮ್ಮಂದಕ್ಕ ಮಾತ್ರ ನಾಕು."

ರೇಣುಕಾದೇವಿ ಹೊಸದೊಂದು ಸಾಲು ಬರೆಸಿ, ಅದನ್ನು ಆ ನಾಲ್ಕನೆಯ ಕೀಲಿಯಿಂದ ಮಾತ್ರ ಮುಚ್ಚಿಸಿದರು. ಪಂಚರ ಎದುರು ಕೇಂದ್ರಕ್ಕೆ ಸಂಬಂಧಿಸಿದ ಎಲ್ಲರ ಲ್ಯಾಪ್‌ಟಾಪಿನಲ್ಲೂ ಪರೀಕ್ಷೆ ನಡೆಯಿತು. ಸಂಜೆ ನಾಲ್ಕಕ್ಕೆ ಮೌನಮ್ಮಳ ಲ್ಯಾಪ್‌ಟಾಪಿನಲ್ಲಿ ಆ ಸಾಲು ತೆರೆದುಕೊಂಡಿತು. ಭೀಮೇಶ ಪಂಚನಾಮೆಗೆ ಸಹಿ ಹಾಕಿಸಿದ.

"ಯಾಕ ಓದಿದಿ?" ರೇಣುಕಾದೇವಿ ಕೇಳಿದರು.

"ತಾಯಿ ಸತ್ತ ಮ್ಯಾಲ ತಮ್ಮನ್ನ ನಾನೇ ಬೆಳೆಸೀನ್ರಿ. ಲಾಲಮ್ಮ ಸುಳ್ಳು ಬರೆಸ್ಯಾಳಂತ ತೋರಿಸಬೇಕಂದ್ಕೊಂಡಿದ್ದೆ."

"ಓದಿದ ಮ್ಯಾಲ?"

"ಖರೇ ಇತ್ತು."

"ಮತ್ತ ವಿಳಾಸ ಯಾಕ ಕೊಟ್ಟಿ?"

"ತಮ್ಮಗ ಫೋನ್ ಮಾಡಿ ಬೈದೆ ಮೇಡಂ. ಕೆಂಭಾವಿಗಿ ಹೋಗು, ಕಾಲು ಹಿಡಿ, ಉಡಿ ತುಂಬಿ ಕರ್ಕೊಂಡು ಬಾ ಅಂದೆ. ಸೀರಿ ನಾನೇ ಕೊಟ್ಟು ಕಳಿಸಿದ್ದೆ. ನಮ್ಮ ಮಂದ್ಯಾಗ ಹಂಗೇ ಅಲ್ರೀ ಮಾಡೋದು?"

ಮನೆಯ ಜಗಳವನ್ನು ಹೆಣ್ಣಿನ ಮಡಿಲಿಗೆ ಸೀರೆ, ಕಾಯಿ ಇಟ್ಟು ಉಡಿ ತುಂಬಿ ಮುಗಿಸುವುದನ್ನೇ ಕಂಡು ಬೆಳೆದವಳು. ರೇಣುಕಾದೇವಿ ಮತ್ತೇನೂ ಕೇಳದೆ ಬಂಧನದ ಕಾಗದ ತರಿಸಿದರು.

ಮರುದಿನ ಯಾದಗಿರಿಯ ಆಸ್ಪತ್ರೆಯಲ್ಲಿ ಖುರ್ಷೀದಬೇಗಂ ಹೇಳಿದ್ದನ್ನೆಲ್ಲ ಲಾಲಮ್ಮ ಮಲಗಿದಲ್ಲೇ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ಮೌನಮ್ಮ ಓದಿ ನಂಬಿದ್ಲಂತೇನ್ರಿ?"

"ನಂಬಿದ್ಲಂತ, ಯವ್ವಾ."

"ಆಕಿ ಮುಂದ ಕುಂತು ಅತ್ತು ಹೇಳೀನ್ರಿ. ಬೆನ್ನು ತೋರಿಸೀನಿ. ಗಂಡಸ್ರು ಹಂಗೇ ಇರ್ತಾರ, ನೀನೇ ಸಂಭಾಳಿಸ್ಕೊ ಅಂದು ರೊಟ್ಟಿ ಬಡಿಯಾಕ ಹೋದ್ಲು." ಲಾಲಮ್ಮ ಗೋಡೆಯತ್ತ ಮುಖ ತಿರುಗಿಸಿದಳು. "ಆವಾಗ ನಂಬಿದ್ರ ನಾ ಬಚ್ಚಿಟ್ಕೊಳ್ಳಾಕ ಕೆಂಭಾವಿಗಿ ಹೋಗ್ತಿರ್ಲಿಲ್ರಿ. ಆಕಿ ಮನಿಗೇ ಹೋಗಿ ಇರ್ತಿದ್ದೆ."