ಟೈಲರ್ ಬಿಡದ ದಿಂಬು

ನಾನು ವಾರ್ಡಿನ ನರ್ಸ್. ದೆವ್ವ ಭೂತ ಎಂದು ತಲೆ ಕೆಡಿಸಿಕೊಳ್ಳಲು ನನಗೆ ಪುರುಸೊತ್ತಿಲ್ಲ. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಟೈಲರ್ ಇದ್ದರು. ಪಿತ್ತಕೋಶದ ಕಲ್ಲು ಜಾರಿ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಮಲಗಲು ಆಗುತ್ತಿರಲಿಲ್ಲ; ದಿಂಬನ್ನು ಹೊಟ್ಟೆಗೆ ಅವುಚಿಕೊಂಡು, ಹೊಲಿಗೆ ಮಿಷನ್ ಮುಂದೆ ಬಾಗಿದ ಹಾಗೆ ಕೂತೇ ಇರುತ್ತಿದ್ದರು.

“ಒರಗಿದ್ರೆ ಬೆನ್ನೊಳಗೆ ಚೂರಿ ಆಡಿಸ್ದಂಗಾಗತ್ತೆ, ಸಿಸ್ಟರ್. ಇದೊಂದನ್ನ ಮಾತ್ರ ಕಿತ್ಕೋಬೇಡಿ.”

ಮೊದಲು ಕಿಡ್ನಿ ಕೈಕೊಟ್ಟಿತು, ಆಮೇಲೆ ಉಸಿರು. ಕೂತಲ್ಲೇ ಹೋದರು. ಆ ಕೈಗಳಿಂದ ದಿಂಬು ಬಿಡಿಸಲು ನಾನೂ ಆಯಾನೂ ಸೇರಬೇಕಾಯಿತು.

ಅದನ್ನು ಸುಡಲು ಕಳಿಸಿ ಹೊಸದು ಹಾಕಿದೆವು. ತಲೆಯ ಕಡೆ ಇಟ್ಟ ಹೊಸ ದಿಂಬು, ನಾವು ಊಟ ಮುಗಿಸಿ ಬರುವಷ್ಟರಲ್ಲಿ ಖಾಲಿ ಮಂಚದ ನಡುವೆ ನೆಟ್ಟಗೆ ನಿಂತಿರುತ್ತಿತ್ತು. ಮುಟ್ಟಿದರೆ ಜ್ವರದ ಮೈಯಷ್ಟು ಬಿಸಿ.

“ಬಿಸಿಲಿಗೆ ಕಾದಿರತ್ತೆ ಬಿಡಿ,” ಎಂದಳು ಆಯಾ.

ಆ ಕಿಟಕಿಗೆ ಬಿಸಿಲು ಬರುವುದಿಲ್ಲ.

ಮೊನ್ನೆ ಮಧ್ಯಾಹ್ನ ಕಾಲು ಮುರಿದುಕೊಂಡ ಅಜ್ಜಿಯೊಬ್ಬರನ್ನು ಅಲ್ಲಿ ಮಲಗಿಸಿದೆವು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

“ಇನ್ನೊಂದು ದಿಂಬಿದ್ರೆ ಕೊಡಮ್ಮ. ಇದನ್ನ ಅವ್ರು ಬಿಡ್ತಾನೇ ಇಲ್ಲ.”

ತಂದುಕೊಟ್ಟೆ. ಈಗ ಆ ಮಂಚಕ್ಕೆ ಆಯಾ ಹೇಳಿಸಿಕೊಳ್ಳದೆಯೇ ಎರಡು ದಿಂಬು ಹಾಕುತ್ತಾಳೆ.